ಬ್ರೀಜು, ಡ್ರಾಫ್ಟು ಮತ್ತು ನನ್ನ ಬೆನ್ನು

ನನ್ನ ಹೆಂಡತಿ ಬೆರಿಲ್ ಪ್ರಕಾರ ಲೋಕದಲ್ಲಿ ಬೀಸುವ ಗಾಳಿಯೆಲ್ಲ ಎರಡೇ ಜಾತಿ. ಒಂದು ಬ್ರೀಜು, ಇನ್ನೊಂದು ಡ್ರಾಫ್ಟು. ಬ್ರೀಜು ಅಂದರೆ ದೇವರು ಕಳಿಸಿದ್ದು. ಡ್ರಾಫ್ಟು ಅಂದರೆ ನಾನು ಬಾಗಿಲು ಸರಿಯಾಗಿ ಮುಚ್ಚದೆ ಒಳಗೆ ಬಿಟ್ಟದ್ದು. ಇವೆರಡೂ ಅಲ್ಲದ ಮೂರನೆಯ ಗಾಳಿ ಇದೆ ಅಂತ ಅವಳ ಮುಂದೆ ವಾದಿಸಿ ಗೆದ್ದವರನ್ನು ನಾನಂತೂ ಕಂಡಿಲ್ಲ. (ನಾನೇ ಒಮ್ಮೆ ವಾದಿಸಿ ನೋಡಿದ್ದೆ. ಆವತ್ತು ಊಟಕ್ಕೆ ತಣ್ಣನೆಯ ಮಾಂಸ, ಬೇಯಿಸಿದ ಬೀಟ್‌ರೂಟು, ಮತ್ತು ಮೌನ.)

ನಮ್ಮೂರು ಸ್ಕಾರ್ನ್‌ಬಿ ಇರುವುದು ಇಂಗ್ಲೆಂಡಿನ ಪೂರ್ವದ ಕಡಲಂಚಿನಲ್ಲಿ. ನಾರ್ವೆಯಲ್ಲಿ ಹೊರಟ ಗಾಳಿ ದಾರಿಯಲ್ಲಿ ಎಲ್ಲೂ ಕೂತು ದಣಿವಾರಿಸಿಕೊಳ್ಳದೆ ಸೀದಾ ನಮ್ಮ ಹಿತ್ತಿಲಿಗೆ ಬರುತ್ತದೆ. ಒಂದು ಸಲ ಅದರ ಜೊತೆ ಪಕ್ಕದ ಮನೆಯ ಕೋಳಿಗೂಡೂ ಬಂತು, ಕೋಳಿಗಳ ಸಮೇತ. ಬೆರಿಲ್ ಆಗ ಬಟ್ಟೆ ಒಣಹಾಕುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, "ಇವತ್ತು ಬ್ರೀಜು ಚೆನ್ನಾಗಿದೆ, ಬೇಗ ಒಣಗುತ್ತೆ" ಅಂದಳು. ಆಮೇಲೆ ಕೋಳಿಗಳನ್ನು ಓಡಿಸಿಕೊಂಡು ಹೋಗಿ ಪಕ್ಕದವರಿಗೆ ಒಪ್ಪಿಸಿ ಬಂದಳು.

ಅದೇ ಬೆರಿಲ್, ಅದೇ ಸಂಜೆ, ಟೀವಿ ಮುಂದೆ ಹೆಣಿಗೆ ಹಿಡಿದು ಕೂತವಳು ಇದ್ದಕ್ಕಿದ್ದಂತೆ ಕಡ್ಡಿ ನಿಲ್ಲಿಸಿದಳು. ಕೈ ಮೆಲ್ಲಗೆ ಕುತ್ತಿಗೆಯ ಹಿಂದಕ್ಕೆ ಹೋಯಿತು.

"ನಾರ್ಮನ್. ಡ್ರಾಫ್ಟು."

"ಎಲ್ಲಿ ಮಹಾರಾಯ್ತಿ? ನನಗೇನೂ ಗೊತ್ತಾಗ್ತಿಲ್ಲ."

"ಅಡುಗೆಮನೆ ಬಾಗಿಲು ಪೂರ್ತಿ ಹಾಕಿಲ್ಲ ನೀನು."

ಎದ್ದು ಹೋಗಿ ನೋಡಿದೆ. ಬಾಗಿಲು ಹಾಕಿತ್ತು, ಆದರೆ ಚಿಲಕ ಕೂತಿರಲಿಲ್ಲ. ಒಂದು ಬಿಸ್ಕತ್ತು ತೂರುವಷ್ಟೂ ಸಂದಿ ಇರಲಿಲ್ಲ. ಕೋಳಿಗೂಡು ಹಾರಿಸುವ ಗಾಳಿಯಲ್ಲಿ ತಲೆಗೂದಲು ಸರಿಮಾಡಿಕೊಳ್ಳದ ಹೆಂಗಸು, ಬಿಸ್ಕತ್ತು ತೂರದ ಸಂದಿಯ ಗಾಳಿಯನ್ನು ಎರಡು ಗೋಡೆಯಾಚೆಯಿಂದ ಹಿಡಿದಿದ್ದಳು. ನಿಜ ಹೇಳ್ತೇನೆ, ನನಗೆ ಸಿಟ್ಟು ಬರಲಿಲ್ಲ, ಭಕ್ತಿ ಬಂತು. ನಾನು ಜೀವಮಾನವಿಡೀ ಕ್ಷೌರದಂಗಡಿ ನಡೆಸಿದವನು. ಕುತ್ತಿಗೆಗಳನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಈ ತೀರದಲ್ಲಿ ಇನ್ನೊಬ್ಬರಿಲ್ಲ. ಬೆರಿಲ್‌ಳ ಕುತ್ತಿಗೆಯಂಥ ಕುತ್ತಿಗೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಡ್ರಾಫ್ಟಿನಿಂದ ಏನೇನಾಗುತ್ತದೆ ಅನ್ನುವುದಕ್ಕೆ ಅವಳ ಬಳಿ ದೊಡ್ಡ ವೈದ್ಯಶಾಸ್ತ್ರವೇ ಇದೆ. ಕುತ್ತಿಗೆ ಹಿಡಿಯುವುದು, ಕಿವಿನೋವು, ಹಲ್ಲುನೋವು, ಮನಸ್ಸಿಗೆ ಬೇಜಾರು. ಅವಳ ಚಿಕ್ಕಪ್ಪ ವಿಲ್‌ಫ್ರೆಡ್ ಸತ್ತದ್ದೂ ಡ್ರಾಫ್ಟಿನಿಂದಲೇ. (ಕಲ್ಲಿದ್ದಲಿನ ಲಾರಿ ಹಾಯ್ದು ಸತ್ತ. ಆದರೆ ಅದಕ್ಕೆ ಮುಂಚೆ ಚರ್ಚಿನಲ್ಲಿ ಬಾಗಿಲ ಪಕ್ಕ ಕೂತಿದ್ದ.) ಬ್ರೀಜಿನಿಂದ ಮಾತ್ರ ಈವರೆಗೆ ಯಾರಿಗೂ ಏನೂ ಆಗಿಲ್ಲ. ಹಸಿವು ಹೆಚ್ಚುತ್ತದೆ, ಕೆನ್ನೆ ಕೆಂಪಾಗುತ್ತದೆ, ಅಷ್ಟೇ.

ಇದರ ಮರ್ಮವೇನು ಅಂತ ಒಂದು ದಿನ ಕೇಳಿಯೇ ಬಿಟ್ಟೆ.

"ಬೆರಿಲ್, ಹಿತ್ತಿಲ ಬಾಗಿಲು ಪೂರ್ತಿ ತೆಗೆದಿಟ್ಟರೆ ಒಳಗೆ ಬರೋದು ಯಾವುದು?"

"ಬ್ರೀಜು."

"ಪೂರ್ತಿ ಹಾಕಿದರೆ?"

"ಏನೂ ಇಲ್ಲ. ನೆಮ್ಮದಿ."

"ಒಂದಿಷ್ಟೇ ತೆಗೆದಿದ್ದರೆ?"

"ಡ್ರಾಫ್ಟು."

"ಹಾಗಾದರೆ ತೆಗೀತಾ ತೆಗೀತಾ ಎಲ್ಲಿಗೆ ಬಂದಾಗ ಡ್ರಾಫ್ಟು ಹೋಗಿ ಬ್ರೀಜಾಗುತ್ತೆ? ಗಾಳಿ ಅದೇ ಅಲ್ವಾ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಬ್ರೀಜು ಮುಖಕ್ಕೆ ಬರುತ್ತೆ ನಾರ್ಮನ್. ಡ್ರಾಫ್ಟು ಬೆನ್ನ ಹಿಂದಿನಿಂದ ಬರುತ್ತೆ, ಸಂದಿಯಿಂದ ನುಗ್ಗಿ. ಎಲ್ಲಿ ಬದಲಾಗುತ್ತೆ ಅಂತ ಕುತ್ತಿಗೇನ ಕೇಳು, ಹೇಳುತ್ತೆ."

ಎಷ್ಟು ಸ್ಪಷ್ಟವಾದ ಮಾತು. ಗಾಳಿಯ ಜೋರಿನ ಪ್ರಶ್ನೆಯೇ ಅಲ್ಲ ಇದು, ಗಾಳಿಯ ನಡತೆಯ ಪ್ರಶ್ನೆ. ಎದುರಿನಿಂದ ಬಂದು ಟೋಪಿ ಹಾರಿಸಿಕೊಂಡು ಹೋದರೂ ಅದು ಮರ್ಯಾದಸ್ಥ. ಕಳ್ಳನ ಹಾಗೆ ಸಂದಿಯಲ್ಲಿ ನುಸುಳಿದರೆ ಎಷ್ಟೇ ಮೆಲ್ಲಗಿದ್ದರೂ ಅದು ನೀಚ.

ಈ ನೀಚನನ್ನು ತಡೆಯಲೆಂದೇ ನಮ್ಮ ಮನೆಯಲ್ಲಿ ಪರ್ಸಿ ಇದ್ದಾನೆ. ಪರ್ಸಿ ಅಂದರೆ ಹಳೆಯ ಕಾಲುಚೀಲಗಳನ್ನು ತುಂಬಿ ಬೆರಿಲ್ ಹೊಲಿದ, ಬಾಗಿಲಿನಷ್ಟು ಉದ್ದದ ಬಟ್ಟೆಯ ನಾಯಿ. ಬಾಗಿಲ ಬುಡದ ಸಂದಿಗೆ ಅಡ್ಡ ಮಲಗುವುದೇ ಅವನ ಉದ್ಯೋಗ. ಕಣ್ಣಿಗೆ ನನ್ನ ಹಳೆ ಕೋಟಿನ ಗುಂಡಿ. ಮನೆಗೆ ಬಂದವರಿಗೆ ಬೆರಿಲ್ ಮೊದಲು ಪರ್ಸಿಯ ಪರಿಚಯ ಮಾಡಿಸಿ, ಆಮೇಲೆ "ಇವನು ನಾರ್ಮನ್" ಅನ್ನುತ್ತಾಳೆ. ನನಗೆ ಅದರ ಬಗ್ಗೆ ಬೇಸರವಿಲ್ಲ. ಪರ್ಸಿ ನನಗಿಂತ ಹೆಚ್ಚು ಕೆಲಸ ಮಾಡುತ್ತಾನೆ.

ನನ್ನ ಬೇಸರವೆಲ್ಲ ಭಾನುವಾರಗಳ ಬಗ್ಗೆ. ಭಾನುವಾರ ಬಂತೆಂದರೆ ನಾವು ಬುತ್ತಿ ಕಟ್ಟಿಕೊಂಡು ಬೀಚಿಗೆ ಹೋಗಬೇಕು. ಪಟ್ಟೆಪಟ್ಟೆ ಬಟ್ಟೆಯ ಗಾಳಿತಡೆಗಳನ್ನು ನಾನು ಹೊರಬೇಕು, ಗೂಟಗಳನ್ನು ಕೊಡತಿಯಿಂದ ಮರಳಿಗೆ ಬಡಿಯಬೇಕು, ಅದರ ಮರೆಯಲ್ಲಿ ಕೋಟು ಹಾಕಿಕೊಂಡು ಕೂತು ಮರಳು ಬೆರೆತ ಸ್ಯಾಂಡ್‌ವಿಚ್ಚು ತಿನ್ನಬೇಕು. ಮೂಗು ನೀಲಿಯಾದರೂ "ಬ್ರೀಜು ಚೆನ್ನಾಗಿದೆ" ಅನ್ನಬೇಕು. ಅಕ್ಕಪಕ್ಕದ ಗಾಳಿತಡೆಗಳ ಹಿಂದಿನ ಸಂಸಾರಗಳೂ ಹಾಗೇ ಅನ್ನುತ್ತಿರುತ್ತವೆ. ಮೊದಲು ಎದ್ದು ಮನೆಗೆ ಹೊರಟವರ ಮಾನ ಊರಲ್ಲಿ ಉಳಿಯುವುದಿಲ್ಲ.

ಇಂಥದರಲ್ಲಿ ಮಗಳು ಗಿಲಿಯನ್ ಫೋನ್ ಮಾಡಿದಳು. ಅವಳು ಮದುವೆಯಾಗಬೇಕೆಂದಿರುವ ಮಾರ್ಟಿನ್ ಒಳ್ಳೆಯ ಹುಡುಗ. ತಂದೆ ಇಲ್ಲ, ತಾಯಿ ಒಬ್ಬರೇ, ಇರುವುದು ಒಳನಾಡಿನ ಲೆಸ್ಟರ್‌ನಲ್ಲಿ. ಆ ತಾಯಿ ಮ್ಯೂರಿಯಲ್ ಆಲರನ್‌ಶಾ ಮುಂದಿನ ಭಾನುವಾರ ನಮ್ಮನ್ನು ನೋಡಲು ಬರುತ್ತಾರಂತೆ.

"ಅಪ್ಪಾ, ಅಮ್ಮನಿಗೆ ಹೇಳ್ಬೇಡ, ಗಾಬರಿಯಾಗ್ತಾಳೆ," ಅಂದಳು ಗಿಲಿಯನ್. "ಮಾರ್ಟಿನ್ ತಾಯಿ ನನ್ನನ್ನ ಇನ್ನೂ ಒಪ್ಪಿಲ್ಲ."

"ನಿನ್ನ ಹತ್ರ ಹಾಗಂದ್ರಾ?"

"ಅವರು ಬಾಯಿಬಿಟ್ಟು ಏನೂ ಅನ್ನಲ್ಲ. ಆದರೆ ಅವರ ಕಡೆ ಬೇಕಾದವರನ್ನೆಲ್ಲ 'ಬಾತುಮರಿ' ಅಂತ ಕರೀತಾರೆ ಗೊತ್ತಲ್ಲ? ಹಾಲು ತರೋನು ಬಾತುಮರಿ, ಬಸ್ ಕಂಡಕ್ಟರು ಬಾತುಮರಿ. ನನ್ನನ್ನ ಮಾತ್ರ 'ಗಿಲಿಯನ್, ಬನ್ನಿ, ಕೂತ್ಕೊಳ್ಳಿ' ಅಂತಾರೆ. ತನ್ನಮ್ಮ ಮನಸ್ಸಾರೆ ಒಪ್ಪೋವರೆಗೂ ದಿನ ಗೊತ್ತುಮಾಡೋದು ಬೇಡ ಅಂತಾನೆ ಮಾರ್ಟಿನ್. ಹಿಂದೆ ಒಂದು ಸಂಬಂಧ ಮುರಿದೇ ಹೋಯ್ತಂತೆ. ಆ ಹುಡುಗಿ ಅಪ್ಪ ಕಪ್ಪಿಗೆ ಟೀಗಿಂತ ಮೊದಲು ಹಾಲು ಸುರಿದರಂತೆ."

"ಅಷ್ಟಕ್ಕೇ?"

"ಅಪ್ಪಾ, ದಯವಿಟ್ಟು, ಆವತ್ತು ಬೀಚು ಬೇಡ. ಮನೇಲೇ ಬೆಚ್ಚಗೆ ಟೀ ಕೊಡೋಣ."

ಮಗಳು ಹೀಗೆ ಬೇಡಿಕೊಂಡರೆ ಯಾವ ಅಪ್ಪನ ಕರುಳು ಚುರುಕ್ ಅನ್ನುವುದಿಲ್ಲ ಹೇಳಿ. ಬೆರಿಲ್ ಮುಂದೆ ಹೋಗಿ ವಿಷಯ ಎತ್ತಿದೆ.

"ಬೀಗಿತ್ತಿ ಬರ್ತಾರೆ. ಮನೇಲೇ ಟೀ ಇಟ್ಕೊಳ್ಳೋಣವಾ? ಪಾಪ, ದೂರದಿಂದ ಬರ್ತಾರೆ."

"ದೂರದಿಂದ ಬರೋದು ನಮ್ಮನೆ ಗೋಡೆ ನೋಡೋಕಾ?" ಅಂದಳು ಬೆರಿಲ್. "ಲೆಸ್ಟರ್‌ನಲ್ಲಿ ಆಯಮ್ಮನಿಗೆ ಬ್ರೀಜು ಎಲ್ಲಿಂದ ಬರಬೇಕು? ಪಾಪ ಅಂದರೆ ಅದಕ್ಕೆ ಪಾಪ. ಬೀಚಿಗೇ ಹೋಗೋಣ. ಹಂದಿಮಾಂಸದ ಪೈ ಮಾಡ್ತೀನಿ."

ಪೈ ಮಾಡುತ್ತೇನೆ ಅಂದಮೇಲೆ ಮಾತು ಮುಗಿಯಿತು. ಆದರೆ ನನ್ನ ತಲೆಯಲ್ಲಿ ಮಾತು ಮುಗಿದಿರಲಿಲ್ಲ. ಶನಿವಾರ ಗಾಳಿತಡೆಗಳ ಧೂಳು ಝಾಡಿಸುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಬೆರಿಲ್‌ಳನ್ನು ಬೀಚಿನಿಂದ ಎಬ್ಬಿಸುವ ಬ್ರೀಜು ಈ ಭೂಮಂಡಲದಲ್ಲಿ ಹುಟ್ಟಿಲ್ಲ, ಸರಿ. ಡ್ರಾಫ್ಟಿಗಾದರೆ? ಬೀಚಿನಲ್ಲಿ ಡ್ರಾಫ್ಟು ಯಾಕಿಲ್ಲ? ಸಂದಿ ಇಲ್ಲದ್ದರಿಂದ. ಸಂದಿ ಯಾಕಿಲ್ಲ? ಗೋಡೆ ಇಲ್ಲದ್ದರಿಂದ. ಮತ್ತೆ ಈ ಗಾಳಿತಡೆಗಳೇನು? ಎರಡು ಬಟ್ಟೆಯ ಗೋಡೆ. ಅವುಗಳ ನಡುವೆ ಒಂದಿಷ್ಟು ಜಾಗ ಬಿಟ್ಟರೆ ನಾರ್ವೆಯ ಇಡೀ ಬ್ರೀಜು ಅಲ್ಲೇ ಡ್ರಾಫ್ಟಾಗಿ ಮತಾಂತರ ಹೊಂದಿ ಬೆರಿಲ್‌ಳ ಕುತ್ತಿಗೆಗೆ ಬಡಿಯುತ್ತದೆ. ಅವಳೇ ಹೇಳಿಕೊಟ್ಟ ಶಾಸ್ತ್ರ. "ನಾರ್ಮನ್, ಡ್ರಾಫ್ಟು, ಮನೆಗೆ ನಡಿ" ಅನ್ನುತ್ತಾಳೆ. ಮಗಳ ಬಾಳು ಬೆಳಗುತ್ತದೆ. ಆ ಕ್ಷಣ ನನ್ನ ಬುದ್ಧಿಗೆ ನಾನೇ ತಲೆದೂಗಿದೆ. (ಬೇರೆ ಯಾರೂ ಈವರೆಗೆ ತೂಗಿಲ್ಲ.)

ಭಾನುವಾರ ಬಂತು. ಜೂನ್ ತಿಂಗಳು, ಅಂದರೆ ಕೋಟು ಒಂದೇ ಸಾಕು. ಎಲ್ಲರಿಗಿಂತ ಮೊದಲೇ ಹೋಗಿ ಎರಡೂ ಗಾಳಿತಡೆಗಳನ್ನು ನಿಲ್ಲಿಸಿದೆ, ನಡುವೆ ನನ್ನ ಹೆಗಲಗಲದ ಸಂದಿ ಬಿಟ್ಟು. ಮೇಲೊಂದು ಟವೆಲ್ ಇಳಿಬಿಟ್ಟೆ, ಸಂದಿ ಕಾಣದ ಹಾಗೆ. ಬೆರಿಲ್ ಯಾವಾಗಲೂ ಕೂರುವ ಕುರ್ಚಿಯನ್ನು ಸಂದಿಗೆ ನೇರವಾಗಿ, ಬೆನ್ನು ಮಾಡಿ ಇಟ್ಟೆ. ಯಾರಾದರೂ ಗೂಟ ಕಿತ್ತು ಹತ್ತಿರ ಹಾಕಿದರೆ ಕಷ್ಟ ಅಂತ ಮೈಯಲ್ಲಿದ್ದ ಶಕ್ತಿಯೆಲ್ಲ ಬಿಟ್ಟು ಗೂಟಗಳನ್ನು ಪಾತಾಳದವರೆಗೆ ಬಡಿದೆ. ಆಮೇಲೆ ಕೊಡತಿಯನ್ನು ಕಾರಿನಲ್ಲಿ ಬಚ್ಚಿಟ್ಟು ಬಂದೆ.

ಗಿಲಿಯನ್ ಮತ್ತು ಮಾರ್ಟಿನ್ ಜೊತೆ ಮಿಸೆಸ್ ಆಲರನ್‌ಶಾ ಬಂದರು. ನೆಟ್ಟಗಿನ ಎತ್ತರದ ಹೆಂಗಸು, ನೀಲಿ ಟೋಪಿಗೆ ಪಿನ್ನು. ಬೆರಿಲ್ ಅವರನ್ನು ತನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿದಳು. ಗಿಲಿಯನ್ ನನ್ನತ್ತ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೀಚು ಬೇಡ ಅಂದಿದ್ದೆನಲ್ಲಪ್ಪಾ ಅನ್ನುತ್ತಿತ್ತು ಅದು. ತಾಳ್ಕೋ ಮಗಳೇ ಅಂತ ಕಣ್ಣಲ್ಲೇ ಹೇಳಿದೆ.

"ಬ್ರೀಜು ಎಷ್ಟು ಚೆನ್ನಾಗಿದೆ ಅಲ್ವಾ?" ಅಂದಳು ಬೆರಿಲ್. ಅಷ್ಟರಲ್ಲಿ ಒಂದು ಕಾಗದದ ತಟ್ಟೆ ಎದ್ದು ಪಕ್ಕದ ಊರಿನ ಕಡೆ ಹೋಯಿತು.

"ತುಂಬಾ ಚೆನ್ನಾಗಿದೆ," ಅಂದರು ಮಿಸೆಸ್ ಆಲರನ್‌ಶಾ ಟೋಪಿ ಹಿಡಿದುಕೊಂಡು.

"ಪೈ ತಗೊಳ್ಳಿ."

"ಚೆನ್ನಾಗಿದೆ."

ಮಾರ್ಟಿನ್ ಸಮುದ್ರ ನೋಡಿದ. ಗಿಲಿಯನ್ ಮರಳು ನೋಡಿದಳು. "ಗಿಲಿಯನ್, ನೀವೂ ತಗೊಳ್ಳಿ" ಅಂದರು ಆಕೆ ತಟ್ಟೆ ಮುಂದೆ ಚಾಚಿ. ಆ 'ನೀವು' ಕೇಳಿ ನನ್ನ ಮಗಳ ಮುಖ ಸಣ್ಣಗಾಯಿತು. ನಾನು ಟವೆಲ್‌ನ ಹತ್ತಿರ ಸರಿದು, ಏನೋ ಸರಿಮಾಡುವವನ ಹಾಗೆ ಅದನ್ನು ಮೆಲ್ಲಗೆ ಎಳೆದುಬಿಟ್ಟೆ.

ಸಂದಿಯಲ್ಲಿ ಗಾಳಿ ಸುಯ್ಯೆಂದು ನುಗ್ಗಿತು. ಬೆರಿಲ್‌ಳ ಕೈ ಮೇಲೆದ್ದಿತು. ಆದರೆ ಅದು ಕುತ್ತಿಗೆ ಮುಟ್ಟುವ ಮೊದಲೇ ಪಕ್ಕದ ಕುರ್ಚಿಯಿಂದ ಇನ್ನೊಂದು ಕೈ, ಬಿಳಿ ಕೈಗವಸು ತೊಟ್ಟದ್ದು, ಇನ್ನೊಂದು ಕುತ್ತಿಗೆಯ ಹಿಂದಕ್ಕೆ ಹೋಗಿತ್ತು.

"ತಪ್ಪು ತಿಳ್ಕೋಬೇಡಿ," ಅಂದರು ಮಿಸೆಸ್ ಆಲರನ್‌ಶಾ ತಗ್ಗಿದ ದನಿಯಲ್ಲಿ. "ಎಲ್ಲಿಂದಲೋ ಡ್ರಾಫ್ಟು ಬರ್ತಾ ಇದೆ."

ಬೆರಿಲ್ ನಿಧಾನವಾಗಿ ಅವರ ಕಡೆ ತಿರುಗಿದಳು. ಪರದೇಶದಲ್ಲಿ ತನ್ನ ಭಾಷೆ ಕೇಳಿಸಿಕೊಂಡವಳ ಮುಖ ಅದು.

"ನಿಮಗೂ ಗೊತ್ತಾಯ್ತಾ?"

"ಎಡಗಿವಿ ಕೆಳಗೆ."

"ನನಗೂ ಎಡಗಿವಿ ಕೆಳಗೇ."

ನಾನು ಸಂತೋಷದಿಂದ ಅರ್ಧ ಎದ್ದೇ ಬಿಟ್ಟೆ. "ಹಾಗಾದರೆ ಮನೆಗೇ ಹೋಗಿಬಿಡೋಣ, ಅಲ್ಲಿ ಬೆಚ್ಚಗೆ..."

"ಮನೆಗೆ ಯಾಕೆ?" ಅಂದರು ಇಬ್ಬರೂ ಒಟ್ಟಿಗೆ.

"ಇಷ್ಟು ಒಳ್ಳೇ ಬ್ರೀಜು ಬಿಟ್ಟು?" ಅಂದರು ಮಿಸೆಸ್ ಆಲರನ್‌ಶಾ. "ಡ್ರಾಫ್ಟು ಎಲ್ಲಿದೆ ಹುಡುಕಿ ಮುಚ್ಚಿದರಾಯ್ತು. ನಮ್ಮನೇಲಿ ನಾನು ಮೇಣದಬತ್ತಿ ಹಿಡಿದು ಹುಡುಕ್ತೀನಿ."

"ನಾನೂ ಮೇಣದಬತ್ತಿನೇ," ಅಂದಳು ಬೆರಿಲ್. ಆಗಲೇ ಕುರ್ಚಿ ಬಿಟ್ಟು ಎದ್ದಿದ್ದಳು.

ಮುಂದಿನದ್ದು ಎರಡು ಮಹಾಪಂಡಿತೆಯರ ಜಂಟಿ ಸಂಶೋಧನೆ. ಇಬ್ಬರೂ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದರು. ಬಗ್ಗಿದರು, ಎದ್ದರು, ಗಾಳಿತಡೆಯ ಉದ್ದಕ್ಕೂ ಕೈಯಾಡಿಸಿದರು. ಬೆರಿಲ್ ಒಂದು ಕಡೆಯಿಂದ, ಅವರು ಇನ್ನೊಂದು ಕಡೆಯಿಂದ. ನಡುವೆ ಸಂದಿಯಲ್ಲಿ ಭೇಟಿಯಾದರು.

"ಇಲ್ಲಿದೆ."

"ಇಲ್ಲೇ ಇದೆ. ಅಯ್ಯೋ, ಎಷ್ಟು ದೊಡ್ಡದು."

"ನಾರ್ಮನ್, ಗೂಟ ಕಿತ್ತು ಈ ಕಡೆ ಹಾಕು," ಅಂದಳು ಬೆರಿಲ್.

ಎಳೆದೆ. ಮಾರ್ಟಿನ್ ಕೂಡ ಬಂದು ಎಳೆದ. ಪಾತಾಳದ ಗೂಟ, ಅಲ್ಲಾಡಲಿಲ್ಲ. ಕೊಡತಿಯಿಂದ ಪಕ್ಕಕ್ಕೆ ಹೊಡೆದರೆ ಸಡಿಲವಾಗುತ್ತೆ ಅಂದ ಮಾರ್ಟಿನ್. ಕೊಡತಿ ಕಾರಿನಲ್ಲಿದೆ ಅಂದೆ.

"ಕಾರಿನವರೆಗೆ ಹೋಗಿ ಬರೋಷ್ಟರಲ್ಲಿ ಟೀ ತಣ್ಣಗಾಗುತ್ತೆ," ಅಂದಳು ಬೆರಿಲ್. "ಈಗ ನಮ್ಮ ಪರ್ಸಿ ಇರಬೇಕಿತ್ತು."

"ಪರ್ಸಿ ಯಾರು?"

"ನಮ್ಮನೆ ಬಾಗಿಲಿಗೆ ಅಡ್ಡ ಮಲಗೋ ನಾಯಿ. ನಾನೇ ಹೊಲಿದದ್ದು, ಒಳಗೆ ಕಾಲುಚೀಲ."

"ನಮ್ಮನೇಲಿ ಹಾವು," ಅಂದರು ಮಿಸೆಸ್ ಆಲರನ್‌ಶಾ. "ಒಳಗೆ ಹತ್ತಿ. ಕಾಲುಚೀಲ ನನಗೆ ಹೊಳೆದೇ ಇರಲಿಲ್ಲ. ಎಷ್ಟು ಜಾಣೆ ನೀವು."

ಇಬ್ಬರೂ ಸಂದಿಯನ್ನು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಬಟ್ಟೆಯಂಗಡಿಯಲ್ಲಿ ಪರದೆಯ ಅಳತೆ ನೋಡುವವರ ಹಾಗೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿನವರೆಗೆ ನೋಡಿದರು.

"ಅಗಲ ಸರಿಯಾಗಿದೆ," ಅಂದರು ಬೀಗಿತ್ತಿ.

ಹೇಗಿರುವುದಿಲ್ಲ? ನನ್ನ ಹೆಗಲಿನ ಅಳತೆಯಿಂದಲೇ ತೆಗೆದ ಸಂದಿ. ನಾನು ನನ್ನ ಕುರ್ಚಿ ಎತ್ತಿಕೊಂಡು ಹೋಗಿ ಅಲ್ಲಿ ಕೂತೆ. ನಾರ್ವೆಯಿಂದ ಬಂದದ್ದೆಲ್ಲ ನನ್ನ ಬೆನ್ನ ಮೇಲೆ ಇಳಿಯಿತು. ಕುತ್ತಿಗೆಯ ಯಾವ ಜಾಗಕ್ಕೆ ತಣ್ಣನೆಯ ಕತ್ತರಿ ತಾಗಿದರೆ ಎಂಥ ದೊಡ್ಡ ಮನುಷ್ಯನೂ ಬೆಚ್ಚುತ್ತಾನೆ ಅಂತ ನನಗೆ ಗೊತ್ತಿತ್ತು. ಗಾಳಿಗೂ ಗೊತ್ತಿತ್ತು.

ನನ್ನ ಮುಂದೆ ಮಾತ್ರ ಸ್ವರ್ಗ ತೆರೆದಿತ್ತು. ಬೆರಿಲ್ ಚಿಕ್ಕಪ್ಪ ವಿಲ್‌ಫ್ರೆಡ್‌ನ ಕಥೆ ಹೇಳಿದಳು. ಬೀಗಿತ್ತಿ ಒಂದು ನಿಟ್ಟುಸಿರು ಬಿಟ್ಟು, "ಲಾರಿ ಅಂತಾರೆ ಜನ. ಮೊದಲು ಎಲ್ಲಿ ಕೂತಿದ್ದ ಅಂತ ಯಾರೂ ಕೇಳಲ್ಲ" ಅಂದರು. ಬೆರಿಲ್‌ಗೆ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ವಿಲ್‌ಫ್ರೆಡ್‌ಗೆ ನ್ಯಾಯ ಸಿಕ್ಕಿದ್ದು ಅದೇ ಮೊದಲು. ಅವಳು ಕಪ್ಪಿಗೆ ಟೀ ಸುರಿದಳು, ಆಮೇಲೆ ಹಾಲು. ಬೀಗಿತ್ತಿ ಅದನ್ನು ಗಮನಿಸಿದರು.

"ನನ್ನನ್ನ ಮ್ಯೂರಿಯಲ್ ಅನ್ನು," ಅಂದರು. "ಇನ್ನೊಂದು ಚೂರು ಪೈ ಹಾಕು, ಬಾತುಮರಿ."

ಗಿಲಿಯನ್ ತಲೆ ಎತ್ತಿದಳು. ನನಗೆ ಬೆನ್ನಿನ ಚಳಿ ಒಂದು ಗಳಿಗೆ ಮರೆತೇ ಹೋಯಿತು.

"ನೀನು ಯಾಕೆ ಅಷ್ಟು ದೂರ ಕೂತಿದ್ದೀಯ?" ಅಂತ ಮ್ಯೂರಿಯಲ್ ನನ್ನ ಮಗಳ ಕಡೆ ತಿರುಗಿದರು. "ಇಂಥ ತಾಯಿಯ ಮಗಳು ನೀನು ಅಂತ ಒಂದು ಸಲನಾದರೂ ಹೇಳಬಾರದಾ? ಬಾ ಬಾತುಮರಿ, ನನ್ನ ಹತ್ತಿರ ಕೂತ್ಕೋ. ಅಲ್ಲಲ್ಲ, ಈ ಕಡೆ. ಆ ಕಡೆ ನಿಮ್ಮಪ್ಪನ ತೋಳಿನ ಕೆಳಗಿಂದ ಸ್ವಲ್ಪ ಬರ್ತಿದೆ."

ನಾನು ತೋಳು ಒತ್ತಿ ಹಿಡಿದುಕೊಂಡೆ. ಗಿಲಿಯನ್ ನಗುತ್ತಾ ಅಳುತ್ತಿದ್ದಳು, ಅಥವಾ ಅಳುತ್ತಾ ನಗುತ್ತಿದ್ದಳು. ಗಾಳಿಗೆ ನನ್ನ ಕಣ್ಣಲ್ಲೂ ನೀರು ಬರುತ್ತಿದ್ದುದರಿಂದ ಸರಿಯಾಗಿ ಕಾಣಲಿಲ್ಲ. ಅವರು ಸಂಜೆಯವರೆಗೂ ಎದ್ದೇಳಲಿಲ್ಲ. ಬೀಚಿನಲ್ಲಿದ್ದ ಬೇರೆ ಎಲ್ಲ ಗಾಳಿತಡೆಗಳೂ ಸೋತು ಮನೆಗೆ ಹೋದಮೇಲೂ ನಮ್ಮದೊಂದೇ ನಿಂತಿತ್ತು.

ಮನೆಗೆ ಬಂದಮೇಲೆ ಬೆರಿಲ್ ನನ್ನ ಬೆನ್ನಿಗೆ ಮುಲಾಮು ತಿಕ್ಕಿದಳು. ಕುತ್ತಿಗೆ ಒಂದು ಕಡೆಗೆ ಹಿಡಿದುಕೊಂಡು ನಾನು ಗೋಡೆಯನ್ನೇ ನೋಡುತ್ತಿದ್ದೆ.

"ಗಾಳಿತಡೆ ಹಾಕೋದರಲ್ಲಿ ನೀನು ಯಾವತ್ತೂ ಸಂದಿ ಬಿಟ್ಟವನಲ್ಲ," ಅಂದಳು.

"ಮರಳು ಸಡಿಲ ಇತ್ತು ಬೆರಿಲ್."

"ಹೌದಾ? ಮತ್ತೆ ಗೂಟ ಯಾಕೆ ಕೀಳೋಕೆ ಬರ್ಲಿಲ್ಲ?"

ನಾನು ಗೋಡೆ ನೋಡುವುದನ್ನು ಮುಂದುವರಿಸಿದೆ.

"ಗಿಲಿಯನ್ ಫೋನ್ ಮಾಡಿದ್ದು, ಬೀಚು ಬೇಡ ಅಂದದ್ದು, ಎಲ್ಲಾ ನನಗೆ ಗೊತ್ತು. ಈ ಮನೆ ಫೋನಿನಲ್ಲಿ ಗುಟ್ಟು ಮಾತಾಡೋರು ಬಾಗಿಲು ಪೂರ್ತಿ ಹಾಕಬೇಕು ನಾರ್ಮನ್." ಅವಳ ಕೈ ಮೆತ್ತಗೆ ತಿಕ್ಕುತ್ತಲೇ ಇತ್ತು. "ಮ್ಯೂರಿಯಲ್‌ಗೆ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಮಗಳಿಗೋಸ್ಕರ ಮಾಡಿದ್ದೀಯ, ಇರಲಿ."

ಎಂಥ ಹೆಂಗಸು ನೋಡಿ. ಸಂದಿಯಲ್ಲಿ ಬಂದ ಗಾಳಿಯನ್ನಷ್ಟೇ ಅಲ್ಲ, ಸಂದಿಯಲ್ಲಿ ಹೋದ ಮಾತನ್ನೂ ಹಿಡಿಯುತ್ತಾಳೆ. ನನಗೆ ಅವಳ ಮೇಲಿದ್ದ ಭಕ್ತಿ ದುಪ್ಪಟ್ಟಾಯಿತು, ಕುತ್ತಿಗೆ ಮಾತ್ರ ತಿರುಗಲಿಲ್ಲ.

ಮದುವೆ ಸೆಪ್ಟೆಂಬರಿನಲ್ಲಿ ಆಯಿತು. ಊಟ ಎಲ್ಲಿ ಅಂತ ಇಬ್ಬರು ಬೀಗಿತ್ತಿಯರು ಚರ್ಚೆಯನ್ನೇ ಮಾಡಲಿಲ್ಲ. ಬ್ರೀಜು ಚೆನ್ನಾಗಿರುತ್ತದೆ ಅಂತ ಕಡಲಂಚಿನ ದಿಬ್ಬದ ಮೇಲೆ ದೊಡ್ಡ ಡೇರೆ ಹಾಕಿಸಿದರು. ಮ್ಯೂರಿಯಲ್ ಆವತ್ತು ಪಾದ್ರಿಯನ್ನು ಬಾತುಮರಿ ಅಂದರು, ಡೇರೆಯವನನ್ನು ಬಾತುಮರಿ ಅಂದರು, ಫೋಟೋದವನನ್ನೂ ಅಂದರು. ಮಾತಾಡಿಸಲು ಬಂದರೆ ನನ್ನನ್ನೂ ಅನ್ನಬಹುದು ಅಂತ ಹೊಸ ಸೂಟಿನಲ್ಲಿ ನಾನು ಅವರ ಕಣ್ಣಿಗೆ ಬೀಳುವ ಹಾಗೆ ಓಡಾಡಿದೆ.

ಮಾರ್ಟಿನ್ ಭಾಷಣ ಮಾಡಲು ಎದ್ದು ನಿಂತಾಗ ಡೇರೆಯ ಹಿಂಬದಿಯ ಕಟ್ಟು ಬಿಚ್ಚಿತು. ಬಟ್ಟೆ ಒಂದಿಷ್ಟೇ ಬಾಯಿಬಿಟ್ಟಿತು. ವಧೂವರರ ಮೇಜಿನಲ್ಲಿ ಎರಡು ಕೈಗಳು ಒಟ್ಟಿಗೆ ಎರಡು ಕುತ್ತಿಗೆಗಳ ಹಿಂದಕ್ಕೆ ಹೋದವು. ಎರಡು ಟೋಪಿಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ನಾನು ಆಗಲೇ ಕುರ್ಚಿ ಎತ್ತಿಕೊಂಡಿದ್ದೆ.

ಕೂತೆ. ಬೆನ್ನಿಗೆ ಪರಿಚಯದ ನಾರ್ವೆ ತಾಗಿತು. ಮ್ಯೂರಿಯಲ್ ತಲೆಯಾಡಿಸಿ, ಬಾಯ್ತುಂಬ ನಕ್ಕು, ಅತ್ಯಂತ ಪ್ರೀತಿಯಿಂದ ನನ್ನನ್ನು ಕರೆದರು.

"ಸ್ವಲ್ಪ ಎಡಕ್ಕೆ, ಪರ್ಸಿ."

ನಾನು ಎಡಕ್ಕೆ ಸರಿದೆ.